ದೊಡ್ಡಳಿಯನ ಜ್ವರ

ಬಂದರಿನ ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯುವವರ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಆ ಲಾಂಚಿನ ಯಜಮಾನರಿಗೆ ಮಗಳು ಒಬ್ಬಳೇ, ಅಳಿಯಂದಿರು ಮಾತ್ರ ಇಬ್ಬರು ಎಂದು ಹಬ್ಬಿಸಿದವರು ಅವರೇ. ದೊಡ್ಡಳಿಯ ಎಂದರೆ ಡೀಸೆಲ್ ಎಂಜಿನ್ನು. ಒಡೆಯಲು ಹಾಕಿದ್ದ ದೊಡ್ಡ ದೋಣಿಯೊಂದರಿಂದ ಯಜಮಾನರು ಅದನ್ನು ಬಿಚ್ಚಿಸಿ ತಂದು, ಅಳತೆ ಗಿಳತೆ ನೋಡದೆ ತಮ್ಮ ಲಾಂಚಿನ ಹೊಟ್ಟೆಗೆ ತುರುಕಿಸಿದ್ದರು. ಚಿಕ್ಕಳಿಯ ಎಂದರೆ ಆ ಎಂಜಿನ್ನು ಕೂರಿಸಲು ಬಂದ ಮೆಕ್ಯಾನಿಕ್ಕು. ಕೂರಿಸುತ್ತ ಕೂರಿಸುತ್ತ ಯಜಮಾನರ ಮಗಳ ಕಣ್ಣಿಗೆ ಬಿದ್ದು, ಮದುವೆಯಾಗಿ, ಮಾವನ ಮನೆಯ ಹಿಂದಿನ ಕೋಣೆಯಲ್ಲೇ ಬಿಡಾರ ಹೂಡಿದ. "ಇಬ್ಬರನ್ನೂ ಒಳಗೆ ತಂದಿದ್ದೇನೋ ಆಯ್ತು, ಇನ್ನು ಹೊರಗೆ ತೆಗೆಯೋದು ಹೇಗಪ್ಪಾ?" ಎಂದು ಕಟ್ಟೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹಾಗಂತ ಅತ್ತೆ ಮಾವ ಕೆಟ್ಟವರೇ? ಖಂಡಿತ ಅಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟವರಾಗಿದ್ದರೆ ಒಂದು ದಿನ ಕೂಗಾಡಿ ಗಂಟುಮೂಟೆ ಕಟ್ಟಬಹುದಿತ್ತು. ಅತ್ತೆ ಅವನ ತಟ್ಟೆ ಖಾಲಿಯಾಗಲು ಬಿಡುತ್ತಿರಲಿಲ್ಲ. ಸಾಕು ಎಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಬಡಿಸುತ್ತಿದ್ದರು. ಮಾವ ದಿನಾ ಬೆಳಕು ಹರಿಯುವ ಮೊದಲೇ ಎದ್ದು ಮಗಳು ಅಳಿಯನ ಕೋಣೆಯ ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದರು. ಏಳಿ ಎಂದು ಒಂದು ದಿನವೂ ಕರೆದವರಲ್ಲ, ಬರೀ ಕೆಮ್ಮು. ಆ ಕೆಮ್ಮು ಕೇಳಿದ ಮೇಲೆ ಮಲಗಿರಲು ಯಾರಿಗೆ ಧೈರ್ಯ? ಗೋಡೆ ಎಷ್ಟು ತೆಳುವೆಂದರೆ ಗಂಡ ಹೆಂಡತಿ ಜಗಳವಾಡಬೇಕಾದರೂ ಪಿಸುಗುಟ್ಟಿಕೊಂಡೇ ಆಡಬೇಕು. ಪಿಸುಗುಟ್ಟಿ ಆಡಿದ ಜಗಳ ಮುಗಿಯುವುದೂ ಇಲ್ಲ, ಹಾಳಾದ್ದು.

ಅವನಿಗಿಂತ ಹೆಚ್ಚು ಉಸಿರು ಕಟ್ಟಿದ್ದು ಅವನ ಹೆಂಡತಿಗೆ. "ನಾನು ಹುಟ್ಟಿದ್ದು ಈ ಕೋಣೇಲಿ. ಸಾಯೋದೂ ಇಲ್ಲೇನಾ ರೀ?" ಎಂದು ಕೇಳಿದವಳು ಅವಳೇ. ಕೊಲ್ಲಿಯ ಆಚೆ ದಡದ ಊರಿನಲ್ಲಿ ಎರಡು ಕೋಣೆಯ ಮನೆ ಹುಡುಕಿದವಳೂ, ಅಲ್ಲಿನ ದೋಣಿ ರಿಪೇರಿ ಶೆಡ್ಡಿನಲ್ಲಿ ಗಂಡನಿಗೆ ಕೆಲಸ ಗೊತ್ತು ಮಾಡಿದವಳೂ ಅವಳೇ. ಅಪ್ಪನಿಗೆ ವಿಷಯ ತಿಳಿಸಿದಳು. ಅಪ್ಪ ಎದ್ದು ಲಾಂಚಿನ ಕಡೆಗೆ ಹೋದರು. ಹೊರಡುವ ದಿನ ನಿಗದಿಯಾಯಿತು. ನೋಡಿ, ಸರಿಯಾಗಿ ಅದೇ ವಾರ ದೊಡ್ಡಳಿಯನಿಗೆ ಜ್ವರ ಹಿಡಿಯಿತು.

ಎಂಥ ಜ್ವರ ಅಂತೀರಿ! ಕಟ್ಟೆಗೆ ಕಟ್ಟಿ ಓಡಿಸಿದರೆ ಎಂಜಿನ್ನು ಮುದ್ದಾಗಿ ಗುರುಗುಟ್ಟುತ್ತದೆ, ಶಾಖದ ಮುಳ್ಳು ಇದ್ದಲ್ಲಿಂದ ಅಲ್ಲಾಡುವುದಿಲ್ಲ. ಬಂದರಿನ ಬಾಯಿ ದಾಟಿ ವೇಗ ಕೊಟ್ಟರೆ ಸಾಕು, ಮುಳ್ಳು ಕೆಂಪು ಗೆರೆಯ ಕಡೆಗೆ ಓಡುತ್ತದೆ, ಹಿಂಭಾಗದ ಕೊಳವೆ ನೀರು ಉಗುಳುವುದು ಬಿಟ್ಟು ಹಬೆ ಉಗುಳುತ್ತದೆ. ಇಂಥ ಎಂಜಿನ್ನು ಸಮುದ್ರದ ನೀರು ಕುಡಿದೇ ಮೈ ತಣ್ಣಗಿಟ್ಟುಕೊಳ್ಳುವುದು. ತಳದ ತೂತಿನಿಂದ ಬಂದ ನೀರು ಜಾಲರಿ ಡಬ್ಬದಲ್ಲಿ ಸೋಸಿ, ಪಂಪಿಗೆ ಹೋಗಿ, ಎಂಜಿನ್ನಿನ ಶಾಖ ಹೊತ್ತುಕೊಂಡು ಹಿಂದಿನಿಂದ ಹೊರಗೆ ಬೀಳಬೇಕು. ಈ ದಾರಿಯಲ್ಲಿ ಎಲ್ಲೋ ಗಂಟಲು ಕಟ್ಟುತ್ತಿದೆ. ಎಲ್ಲಿ?

ಚಿಕ್ಕಳಿಯ ಜಾಲರಿ ಡಬ್ಬ ಬಿಚ್ಚಿ ಪಾಚಿ ತೆಗೆದ. ಪಂಪಿನ ರಬ್ಬರ್ ಚಕ್ರ ಹೊಸದು ಹಾಕಿದ. ಶಾಖಕ್ಕೆ ತಾನಾಗಿ ತೆರೆದುಕೊಳ್ಳುವ ಥರ್ಮೋಸ್ಟಾಟನ್ನು ಕಿತ್ತು ತಂದು, ಅತ್ತೆಯ ಹಾಲಿನ ಪಾತ್ರೆಯಲ್ಲಿ ಕುದಿಸಿ ಪರೀಕ್ಷೆ ಮಾಡಿದ. ಅದು ಸರಿಯಾಗಿಯೇ ತೆರೆಯಿತು, ಅತ್ತೆಯ ಬಾಯಿಯೂ ತೆರೆಯಿತು. ನೀರು ತಣಿಸುವ ಕೊಳವೆಗಳಿಗೆಲ್ಲ ಆಸಿಡ್ ಹಾಕಿ ತೊಳೆದ. ಪ್ರತಿ ಸಲವೂ ಕಟ್ಟೆಯ ಹತ್ತಿರ ಎಲ್ಲ ಸರಿ, ಹೊರಗೆ ಹೋದರೆ ಅದೇ ಹಾಡು. ಪ್ರತಿ ಸಲವೂ ಹೊರಡುವ ದಿನ ಮುಂದಕ್ಕೆ. ಜ್ವರ ಬಂದ ಎಂಜಿನ್ನನ್ನು ವಯಸ್ಸಾದವರ ಕೈಗೆ ಬಿಟ್ಟು ಹೋಗುವುದು ಅವನಿಂದ ಆಗಲಿಲ್ಲ. ಮೆಕ್ಯಾನಿಕ್ಕಿನ ಮಾನ ಎನ್ನುವುದೂ ಒಂದಿದೆಯಲ್ಲ.

"ಇದು ಅಪ್ಪಂದೇ ಕೈವಾಡ," ಎಂದು ಹೆಂಡತಿ ಪಿಸುಗುಟ್ಟಿದಳು. "ನಮ್ಮನ್ನ ಬಿಡೋಕೆ ಮನಸ್ಸಿಲ್ಲ ಅವರಿಗೆ."

"ಛೇ, ಬಿಡ್ತು ಅನ್ನು," ಎಂದ ಇವನು. ಆದರೆ ಮಾತು ಒಳಗೆ ಹೋಗಿ ಕೂತಿತು. ಕೂತದ್ದು ಏಳಲಿಲ್ಲ.

ಕೊನೆಗೆ ಅವಳು ಕಾಯಲಿಲ್ಲ. ಬಟ್ಟೆಯ ಗಂಟು ಹಿಡಿದು, ಸುತ್ತು ದಾರಿಯ ಬಸ್ಸು ಹತ್ತಿ ಹೋಗಿಯೇ ಬಿಟ್ಟಳು. ಹತ್ತುವ ಮೊದಲು ಹೇಳಿದ್ದು ಇಷ್ಟೇ: "ನಾಳೆ ಸಾಮಾನೆಲ್ಲ ಲಾಂಚಿಗೆ ಹಾಕ್ಕೊಂಡು ಬನ್ನಿ. ಹೊತ್ತು ಮುಳುಗೋವರೆಗೂ ಆ ದಡದ ಕಟ್ಟೆ ಮೇಲೆ ಕೂತಿರ್ತೀನಿ. ನಿಮ್ಮ ಸ್ಪ್ಯಾನರ್ ಪೆಟ್ಟಿಗೆ ಸಮೇತ ಬಂದ್ರೆ ಸರಿ. ಇಲ್ಲಾಂದ್ರೆ ನೀವು ಕಟ್ಕೊಂಡಿರೋದು ನನ್ನನ್ನಲ್ಲ, ನಮ್ಮಪ್ಪನ ಎಂಜಿನ್ನನ್ನ ಅಂತ ತಿಳ್ಕೋತೀನಿ. ಆಮೇಲೆ ಬಂದ್ರೂ ಬಾಗಿಲು ತೆಗೆಯಲ್ಲ."

ಅವಳು ಆಡಿದ ಮಾತಿಗೆ ತಪ್ಪುವವಳಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತು.

ಹೀಗೆ ಮಾರನೆಯ ದಿನ ಮಧ್ಯಾಹ್ನ ಮಾವ ಚುಕ್ಕಾಣಿ ಹಿಡಿದು, ಅಳಿಯ ಎಂಜಿನ್ನಿನ ಮುಂದೆ ಕೂತು, ಮಂಚ, ಹಾಸಿಗೆ ಸುರುಳಿ, ಟ್ರಂಕು, ಅತ್ತೆ ಅಳುತ್ತ ತುಂಬಿಕೊಟ್ಟ ಪಾತ್ರೆಗಳ ಸಮೇತ ಲಾಂಚು ಹೊರಟಿತು. ಬಂದರಿಗೆ ಬರುವ ಅಲೆ ತಡೆಯುವ ಕಲ್ಲಿನ ತಡೆಗೋಡೆ ದಾಟಿ ಸ್ವಲ್ಪ ದೂರ ಬಂದಿತ್ತೋ ಇಲ್ಲವೋ, ಎಚ್ಚರಿಕೆಯ ಸೀಟಿ ಕಿರುಚಿಕೊಂಡಿತು. ಮುಳ್ಳು ಕೆಂಪಿನಲ್ಲಿ. ಮಾವ ಎಂಜಿನ್ನು ಆರಿಸಿ ಲಂಗರು ಇಳಿಸಿದರು. ಏನೂ ಮಾತಾಡಲಿಲ್ಲ. ಆ ಮೌನ ನೋಡಿ ಅಳಿಯನಿಗೆ ಪಿತ್ತ ನೆತ್ತಿಗೇರಿತು.

ನೋಡದೆ ಉಳಿದ ಜಾಗ ಒಂದೇ. ಎಂಜಿನ್ನಿನ ಬಲಕ್ಕೆ ಮನುಷ್ಯ ಕೂತು ಕೆಲಸ ಮಾಡುವಷ್ಟು ಜಾಗವಿತ್ತು. ಎಡಕ್ಕೆ, ಎಂಜಿನ್ನಿಗೂ ಲಾಂಚಿನ ಗೋಡೆಗೂ ನಡುವೆ, ಒಂದು ಗೇಣು ಮೇಲೆ ಚೂರು. ಜಾಲರಿ ಡಬ್ಬದಿಂದ ಪಂಪಿಗೆ ನೀರು ಒಯ್ಯುವ ಪೈಪು ಇದ್ದದ್ದು ಅಲ್ಲಿ. ಆ ಪೈಪನ್ನು ಅವನು ಅನುಮಾನಿಸಿಯೇ ಇರಲಿಲ್ಲ. ಯಾಕೆಂದರೆ ಅದನ್ನು ಹಾಕಿದವನು ಅವನೇ. ಒಳಗೆ ತಂತಿ ಸುರುಳಿಯಿದ್ದ ಗಟ್ಟಿ ಪೈಪು; ನನ್ನ ಕಾಲಕ್ಕೂ ಸಾಕು, ನನ್ನ ಮಕ್ಕಳ ಕಾಲಕ್ಕೂ ಸಾಕು ಎಂದು ಕೊಚ್ಚಿಕೊಂಡೇ ಹಾಕಿದ್ದ. ಬಲಗಡೆಯಿಂದ ಟಾರ್ಚು ಬಿಟ್ಟು, ಕಪ್ಪಗಿದೆ, ಸೋರುತ್ತಿಲ್ಲ ಎಂದು ನೋಡಿ ಸುಮ್ಮನಾಗುತ್ತಿದ್ದ. ಈಗ ಬೇರೆ ದಾರಿಯೇ ಇರಲಿಲ್ಲ.

ಎಂಜಿನ್ನು ಕೂರಿಸುವಾಗ ಆ ಸಂದಿಯಲ್ಲಿ ಅವನು ಮೀನಿನ ಹಾಗೆ ನುಸುಳಿ ಹೋಗಿ ಬರುತ್ತಿದ್ದ. ಆಗ ಅವನಿಗೆ ಅತ್ತೆ ಇರಲಿಲ್ಲ. ಈಗ ಉಸಿರೆಲ್ಲ ಹೊರಗೆ ಬಿಟ್ಟು, ಎದೆಯನ್ನು ಎಂಜಿನ್ನಿಗೂ ಬೆನ್ನನ್ನು ಗೋಡೆಗೂ ಒತ್ತಿ, ಅಡ್ಡಡ್ಡಲಾಗಿ ಇಳಿದ. ಡೀಸೆಲ್ ಫಿಲ್ಟರು ಹೊತ್ತ ಕಬ್ಬಿಣದ ಪಟ್ಟಿಯೊಂದು ಎಂಜಿನ್ನಿನ ಮೈಯಿಂದ ಅವನ ಕಡೆಗೆ ಚಾಚಿಕೊಂಡಿತ್ತು. ಹೊಟ್ಟೆ ಅದನ್ನು ಉಜ್ಜಿಕೊಂಡು ಕೆಳಗೆ ಜಾರಿತು. ಮಂಡಿಯೂರಿದ. ಟಾರ್ಚು ಬಾಯಲ್ಲಿ ಕಚ್ಚಿಕೊಂಡ. ಸರಿಯಾಗಿ ಕಾಣದೆ ಸ್ವಲ್ಪ ಮೇಲೆದ್ದು ನೋಡೋಣ ಎಂದುಕೊಂಡರೆ, ಹೊಟ್ಟೆ ಪಟ್ಟಿಯ ಕೆಳಗೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಎದ್ದ. ಇನ್ನಷ್ಟು ಬಿಗಿಯಿತು. ಎಡಗೈ ಬೆನ್ನ ಹಿಂದೆ ಒತ್ತಿಹೋಗಿತ್ತು, ಬಲಗೈ ಒಂದೇ ಆಡುತ್ತಿತ್ತು. ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳುವ ಗತಿಯಿಲ್ಲ.

"ಮಾವ," ಎಂದ ಮೆಲ್ಲಗೆ, ಟಾರ್ಚು ಬಾಯಿಂದ ತೆಗೆದು. "ನಾನು ಸಿಕ್ಕೊಂಡೆ."

ಕೆಳಗಿಳಿಯಲು ಡೆಕ್ಕಿನಲ್ಲಿ ಕೊರೆದಿದ್ದ ಚೌಕದಲ್ಲಿ ಮಾವನ ಮುಖ ಕಾಣಿಸಿಕೊಂಡಿತು. "ಸಿಕ್ಕೊಳ್ಳೋದಿರ್ಲಿ ಅಳಿಯಂದ್ರೇ. ಲಂಗರು ಜಾರ್ತಾ ಇದೆ. ತಡೆಗೋಡೆ ಕಲ್ಲುಗಳ ಕಡೆಗೇ ಹೋಗ್ತಾ ಇದೀವಿ."

ಲಾಂಚು ಕಲ್ಲಿಗೆ ಬಡಿದರೆ ಮೊದಲು ಒಡೆಯುವುದು ಚಿಕ್ಕಳಿಯನ ಬೆನ್ನಿಗೆ ಅಂಟಿಕೊಂಡ ಹಲಗೆ. ನೀರು ಬಂದರೆ ಈಜಲು ಕೈಕಾಲು ಬೇಕು, ಅವನಿಗಿದ್ದದ್ದು ಒಂದು ಕೈ.

"ಚಾಲೂ ಮಾಡಿ ಮಾವ!"

"ನೀವು ಒಳಗಿದ್ದೀರಲ್ಲ! ಸುಟ್ಟುಹೋಗ್ತೀರಿ!"

"ಹೊಗೆ ಕೊಳವೆ ಆ ಕಡೆಗಿದೆ. ಮಾಡಿ ಅಂದ್ನಲ್ಲ! ನಿಧಾನಕ್ಕೆ ಓಡ್ಸಿ!"

ಎಂಜಿನ್ನು ಎದೆಯ ಮೇಲೆ ಗುಡುಗಿತು. ಹಲ್ಲುಗಳೆಲ್ಲ ಕಟಕಟ ಎಂದವು. ಬಿಸಿ ಕಬ್ಬಿಣ, ಸುಟ್ಟ ಎಣ್ಣೆಯ ವಾಸನೆ, ಕಿವಿಯಲ್ಲಿ ಬೇರೇನೂ ಕೇಳದಷ್ಟು ಸದ್ದು. ಟಾರ್ಚು ಪೈಪಿನ ಮೇಲೆ ಬಿಟ್ಟ. ಪೈಪು ದುಂಡಗೆ, ಕಪ್ಪಗೆ, ಸುಮ್ಮನಿತ್ತು. ಅಷ್ಟರಲ್ಲಿ ಸೆಳೆತ ಜೋರಾಯಿತೋ ಏನೋ, ಮೇಲೆ ಮಾವ ವೇಗ ಕೊಟ್ಟರು. ಅಳಿಯನ ಕಣ್ಣೆದುರಿಗೇ ಆ ಪೈಪು, ಹಲ್ಲಿಲ್ಲದ ಬಾಯಿ ಕೆನ್ನೆ ಒಳಗೆಳೆದುಕೊಂಡ ಹಾಗೆ, ಚಪ್ಪಟೆಯಾಗಿ ಹೋಯಿತು.

ಅಯ್ಯೋ ದೇವರೇ! ಎಂಜಿನ್ನು ನಿಂತಾಗ ನೋಡಿದರೆ ದುಂಡಗೆ. ಕಟ್ಟೆಯ ಹತ್ತಿರ ನಿಧಾನಕ್ಕೆ ಓಡಿಸಿದಾಗಲೂ ದುಂಡಗೆ. ವೇಗ ಕೊಟ್ಟು ಪಂಪು ಜೋರಾಗಿ ಹೀರಿದಾಗ ಮಾತ್ರ ಪೈಪಿನ ಎರಡು ಗೋಡೆಯೂ ಅಂಟಿಕೊಂಡು ನೀರಿನ ದಾರಿ ಮುಚ್ಚುತ್ತಿತ್ತು. ಆಗ ಇಲ್ಲಿ ಕೂತು ನೋಡುವ ಹುಚ್ಚ ಯಾರು? ಸಿಕ್ಕಿಹಾಕಿಕೊಳ್ಳದಿದ್ದರೆ ಅವನಿಗೂ ಅದು ಕಾಣುತ್ತಿರಲಿಲ್ಲ.

"ವೇಗ ಇಳಿಸಿ!" ಎಂದು ಗಂಟಲು ಹರಿಯುವಂತೆ ಕೂಗಿದ. ಟಾರ್ಚನ್ನು ಮತ್ತೆ ಬಾಯಲ್ಲಿ ಕಚ್ಚಿ, ಬಲಗೈಯಿಂದ ಚಪ್ಪಟೆ ಪೈಪಿನ ಎರಡೂ ಅಂಚು ಹಿಡಿದು ಹಿಚುಕಿ, ಮಧ್ಯೆ ಬಾಯಿ ಬಿಡುವಂತೆ ಮಾಡಿದ. ನೀರು ಹರಿದದ್ದು ಅಂಗೈಗೆ ತಿಳಿಯಿತು. ಬಿಟ್ಟರೆ ಮುಚ್ಚುತ್ತದೆ, ಹಿಡಿದರೆ ತೆರೆಯುತ್ತದೆ. ಹಿಡಿದೇ ಇದ್ದ. ಬೆರಳು ಮರಗಟ್ಟಿದವು, ಆದರೂ ಬಿಡಲಿಲ್ಲ. ಮೇಲೆ ಮಾವ ಅರ್ಧ ವೇಗದಲ್ಲಿ, ಕಲ್ಲುಗಳನ್ನು ಬಳಸಿ, ತಡೆಗೋಡೆಯ ತುದಿ ದಾಟಿಸಿ, ಅದರ ಮರೆಯ ಶಾಂತ ನೀರಿಗೆ ಲಾಂಚು ತಂದು ನಿಲ್ಲಿಸಿದರು. ಎಂಜಿನ್ನು ಆರಿತು. ಲಂಗರು ಈ ಸಲ ಕಚ್ಚಿಕೊಂಡಿತು. ಅಳಿಯ ಕೈ ಬಿಟ್ಟ.

ಕೈ ಬಿಟ್ಟ ಮೇಲೆ ಕಣ್ಣಿಗೆ ಬಿದ್ದದ್ದು ಇನ್ನೊಂದು. ಅದು ಅವನು ಹಾಕಿದ ಪೈಪೇ ಅಲ್ಲ. ಒಳಗೆ ತಂತಿಯಿಲ್ಲದ ಮೆತ್ತನೆ ಪೈಪು. ಡೆಕ್ಕು ತೊಳೆಯುವ ಪೈಪಿನ ತುಂಡು. ಎರಡೂ ತುದಿಯಲ್ಲಿ ಕ್ಲಿಪ್ಪು ಬಿಗಿದು, ಸಾಲದೆಂದು ಅದರ ಮೇಲೆ ಟಾರು ಹಚ್ಚಿದ ದಾರ ಸುತ್ತಿ ಗಂಟು ಹಾಕಿತ್ತು. ಕ್ಲಿಪ್ಪನ್ನು ನಂಬದೆ ಎಲ್ಲದಕ್ಕೂ ಮೇಲೆ ದಾರ ಸುತ್ತುವವರು ಆ ಬಂದರಿನಲ್ಲಿ ಒಬ್ಬರೇ. ಆ ಜೋಡಿ ಗಂಟು ಹಾಕುವವರೂ ಒಬ್ಬರೇ.

ಹೆಂಡತಿ ಪಿಸುಗುಟ್ಟಿದ್ದು ನಿಜವಾಯಿತು ಎಂದುಕೊಂಡ. ಸಿಟ್ಟಿಗೆ ಮೈ ಅದುರಿತು, ಅದುರಲೂ ಜಾಗವಿರಲಿಲ್ಲ.

"ಮಾವ! ಈ ಪೈಪು ಬದಲಾಯಿಸಿದ್ದು ನೀವೇ ತಾನೇ?"

ಮೇಲಿನ ಚೌಕದಿಂದ ಮುಖ ಹಿಂದೆ ಸರಿಯಿತು.

"ಬಾಯಿಬಿಟ್ಟು ಹೇಳಿ! ನಮ್ಮನ್ನ ಆ ಮನೇಲೇ ಕೂಡಿಹಾಕ್ಬೇಕು ಅಂತಾನಾ ಇಷ್ಟೆಲ್ಲ? ಅವಳು ಅಲ್ಲಿ ಕಾಯ್ತಾ ಕೂತಿದಾಳೆ. ನಾನು ಇಲ್ಲಿ ಇಲಿ ಹಾಗೆ ಬೋನಿಗೆ ಬಿದ್ದಿದೀನಿ. ತೃಪ್ತಿ ಆಯ್ತಾ?"

ಇಷ್ಟು ವರ್ಷದಲ್ಲಿ ಮಾವನಿಗೆ ಅವನು ಎದುರಾಡಿದ್ದು ಇದೇ ಮೊದಲು. ಮಾವ ಏಣಿ ಇಳಿದು ಬಂದು, ಎಂಜಿನ್ನಿನ ಬಲಗಡೆ ಕುಕ್ಕರಗಾಲಲ್ಲಿ ಕೂತರು. ಮುಖ ಸಪ್ಪಗಾಗಿತ್ತು.

"ಪೈಪು ನಾನೇ ಹಾಕಿದ್ದು," ಎಂದರು. "ನೀವಿಬ್ರೂ ಮನೆ ನೋಡೋಕೆ ಆ ದಡಕ್ಕೆ ಹೋಗಿದ್ರಲ್ಲ, ಆವತ್ತು. ನೀವು ಹೋದ್ಮೇಲೆ ಚಿಕ್ಕಪುಟ್ಟದಕ್ಕೆಲ್ಲ ನಿಮ್ಮನ್ನ ಕರೆಸೋಕಾಗುತ್ತಾ? ಕರೆಸಿದ್ರೆ ನನ್ನ ಮಗಳು ಏನಂದ್ಕೋತಾಳೆ? ಹೋದ್ರೂ ಬಿಡ್ಲಿಲ್ಲ ಈ ಅಪ್ಪ ಅಂತಾಳೆ. ಅದಕ್ಕೇ ಒಂದಾದ್ರೂ ಕೆಲಸ ಕಲಿಯೋಣ ಅಂತ. ಪೈಪು ಬದಲಾಯಿಸೋದು ಸುಲಭ ಅಂದ್ಕೊಂಡೆ. ಈ ಒಣಕಲು ಮೈ ಆ ಸಂದೀಲಿ ಇಳೀತು, ನಿಮ್ಮ ಪೈಪು ಬಿಚ್ಚಿದೆ. ವಾಪಸ್ ಹಾಕೋಕೆ ಹೋದ್ರೆ ಈ ಬೆರಳುಗಳಿಗೆ ಬಗ್ಗಲಿಲ್ಲ, ಅಷ್ಟು ಗಟ್ಟಿ." ಊದಿಕೊಂಡ ಗೆಣ್ಣುಗಳ ಕೈಯನ್ನು ಮುಂದೆ ಚಾಚಿ ತೋರಿಸಿದರು. "ಮೆತ್ತಗಿರೋದು ಸಿಕ್ತು, ಹಾಕ್ದೆ. ಒಂದು ತೊಟ್ಟೂ ಸೋರಲಿಲ್ಲ. ನನಗೆ ಎಷ್ಟು ಖುಷಿ ಆಯ್ತು ಗೊತ್ತಾ?"

"ಆಮೇಲೆ ಎಂಜಿನ್ನು ಬಿಸಿಯಾದಾಗ ಹೇಳಬಾರದಿತ್ತಾ?"

"ಸೋರದಿರೋ ಪೈಪಿನಿಂದ ಎಂಜಿನ್ನು ಬಿಸಿಯಾಗುತ್ತೆ ಅಂತ ನನಗೇನು ಗೊತ್ತು? ನಾನು ಕೈ ಹಾಕಿದೆ ಅಂತ ಹೇಳೋಕೂ ನಾಚಿಕೆ. ಅಳಿಯಂದ್ರು ನಗ್ತಾರೆ ಅಂತ."

ಚಿಕ್ಕಳಿಯ ಬಾಯಿಗೆ ಬಂದದ್ದೆಲ್ಲ ಆಡಿಯಾಗಿತ್ತು. ಕಬ್ಬಿಣಕ್ಕೆ ಕೆನ್ನೆ ಒತ್ತಿಕೊಂಡ. ನಾಚಿಕೆ ಈಗ ಅವನ ಪಾಲಿಗೆ ಬಂದಿತ್ತು.

"ನನ್ನ ಪೈಪು ಎಲ್ಲಿ?" ಎಂದ ಕೊನೆಗೆ.

"ಚುಕ್ಕಾಣಿ ಕೋಣೇಲಿ, ಕೂರೋ ಹಲಗೆ ಕೆಳಗೆ. ಒಳ್ಳೇ ಪೈಪು, ಬಿಸಾಕೋಕೆ ಮನಸ್ಸು ಬರಲಿಲ್ಲ."

"ತನ್ನಿ. ನೀವೇ ಹಾಕ್ಬೇಕು. ನನಗಿರೋದು ಒಂದೇ ಕೈ."

"ಮೊದಲು ನಿಮ್ಮನ್ನ ಬಿಡಿಸ್ತೀನಿ," ಎಂದು ಮಾವ ಆ ಪಟ್ಟಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರು. ತುಕ್ಕು ಹಿಡಿದ ಬೋಲ್ಟು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಮೇಲಿನ ಚೌಕದ ಬೆಳಕು ಆಗಲೇ ಹಳದಿಗೆ ತಿರುಗಿತ್ತು.

"ಬಿಡಿ ಮಾವ, ಹೊತ್ತಾಗುತ್ತೆ. ಪೈಪು ಹಾಕಿ ಹೊರಡೋಣ. ನಾನು ಹೀಗೇ ಬರ್ತೀನಿ."

ಅವನು ಬಲಗೈ ಚಾಚಿ ತಳದ ನೀರಿನ ಕವಾಟ ಮುಚ್ಚಿದ. ಮಾವ ಎಂಜಿನ್ನಿನ ಮುಂದಿನ ತುದಿಯಿಂದ ಆ ಕಡೆಗೆ ತೋಳು ಚಾಚಿ, ತಾವೇ ಹಾಕಿದ ಗಂಟುಗಳನ್ನು ಚಾಕುವಿನಿಂದ ಕೊಯ್ದರು. ಕೊಯ್ಯುವಾಗ ಒಂದು ಗಳಿಗೆ ಕೈ ತಡೆಯಿತು. ಮೆತ್ತನೆ ಪೈಪು ಹೊರಬಂತು. ಗಟ್ಟಿ ಪೈಪನ್ನು ಹಿಡಿದು ಮೂತಿಗೆ ತುರುಕಲು ನೋಡಿದರು. ಒಂದು ಸಲ, ಇನ್ನೊಂದು ಸಲ. ಬೆರಳು ಜಾರಿತು. ಮುಖ ಕೆಂಪಾಯಿತು. "ಆಗಲ್ಲ ನನ್ನ ಕೈಲಿ," ಎಂದರು.

"ಬಲ ಬೇಡ ಮಾವ, ಬಿಸಿ ಬೇಕು. ಎಂಜಿನ್ನಿನ ಕೆಳಗಿನ ನಲ್ಲಿ ತಿರುಗಿಸಿ ಸ್ವಲ್ಪ ಬಿಸಿನೀರು ಪಾತ್ರೆಗೆ ಹಿಡೀರಿ. ಹುಷಾರು, ಹಬೆ ಹೊಡೆಯುತ್ತೆ. ಪೈಪಿನ ತುದಿ ಅದರಲ್ಲಿ ಅದ್ದಿ. ಹಾಂ, ಇನ್ನೂ ಸ್ವಲ್ಪ ಹೊತ್ತು. ಈಗ ಒಳಗೆ ಸೋಪು ಸವರಿ, ತಿರುವ್ತಾ ತಳ್ಳಿ. ತಿರುವ್ತಾ!"

ಅತ್ತೆ ಕೊಟ್ಟ ಹೊಸ ಪಾತ್ರೆಯಲ್ಲಿ, ದೊಡ್ಡಳಿಯನ ಜ್ವರದ ನೀರಿನಲ್ಲಿ ಬೆಂದ ಪೈಪು, ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಮೂತಿಯ ಮೇಲೆ ಏರಿ ಕೂತಿತು. ಮಾವ ತಮ್ಮ ಕೈಯನ್ನೇ ನೋಡಿಕೊಂಡರು. ಇನ್ನೊಂದು ತುದಿಯನ್ನು ಅಳಿಯನ ಕೈಗೆ ದಾಟಿಸಿದರು. ಅವನು ಹಿಡಿದ, ಅವರು ಆ ಕಡೆಯಿಂದ ತೋಳು ಚಾಚಿ ಕ್ಲಿಪ್ಪು ಬಿಗಿದರು. ತೆಗೆದಷ್ಟು ನೀರನ್ನು ಎಂಜಿನ್ನಿಗೆ ಮತ್ತೆ ತುಂಬಿದರು. ಆಮೇಲೆ ಜೇಬಿನಿಂದ ಟಾರಿನ ದಾರ ತೆಗೆದು ಅಳಿಯನ ಮುಖ ನೋಡಿದರು.

"ಕಟ್ಟಿ ಮಾವ," ಎಂದ ಅವನು. "ಕಟ್ಟಿದ್ರೇ ಗಟ್ಟಿ."

ಕವಾಟ ತೆರೆದು ಹೊರಟರು. ಈ ಸಲ ಪೂರ್ತಿ ವೇಗ. ಪೈಪು ದುಂಡಗೇ ಉಳಿಯಿತು. "ಮುಳ್ಳು ಎಲ್ಲಿದೆ?" ಎಂದು ಅಳಿಯ ಕೆಳಗಿನಿಂದ ಕೂಗುವುದು, "ಮಧ್ಯದಲ್ಲೇ!" ಎಂದು ಮಾವ ಮೇಲಿನಿಂದ ಕೂಗುವುದು. ಕಾಲು ಜೋಮು ಹಿಡಿದು, ಸೊಂಟ ಸೀಳುವ ಹಾಗಾಗಿ, ಬಿಸಿಗೆ ಎದೆಯ ಚರ್ಮ ಚುರುಗುಟ್ಟುತ್ತ, ಹೊರಗಿನದೇನೂ ಕಾಣದೆ, ಅವನು ಸಮುದ್ರ ದಾಟಿದ. ಎಷ್ಟು ದೂರ ಬಂತು, ಹೊತ್ತು ಮುಳುಗಿತೇ, ಅವಳಿದ್ದಾಳೋ ಎದ್ದು ಹೋದಳೋ, ಯಾವುದೂ ಗೊತ್ತಾಗುವಂತಿರಲಿಲ್ಲ. ಚೌಕದ ಬೆಳಕು ಹಳದಿಯಿಂದ ಕೆಂಪಿಗೆ ಹೋದಾಗ ಅವನಿಗೆ ಅಳು ಬಂತು. ಎಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ ಎಂದು ಬಾಯಿಬಿಟ್ಟೇ ಅತ್ತ.

ಲಾಂಚು ಕಟ್ಟೆಗೆ ತಾಗಿತು. ಎಂಜಿನ್ನು ಆರಿತು. ಮೇಲೆ ಹೆಜ್ಜೆಯ ಸದ್ದು, ಆಮೇಲೆ ಚೌಕದಲ್ಲಿ ಅವನ ಹೆಂಡತಿಯ ಮುಖ.

"ಇದೇನ್ರೀ ಇದು ಅವತಾರ!"

"ಬಂದೆ," ಎಂದ ಅವನು. ಬೇರೆ ಮಾತು ಹೊಳೆಯಲಿಲ್ಲ.

ಅವಳು ಏಣಿ ಇಳಿದಳು. ಲಾಂಚಿನಲ್ಲೇ ಆಡಿ ಬೆಳೆದವಳು, ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಸ್ಪ್ಯಾನರಿನ ಹಿಡಿಗೆ ಕಬ್ಬಿಣದ ಕೊಳವೆಯೊಂದನ್ನು ತೊಡಿಸಿ ಉದ್ದ ಮಾಡಿದಳು. ಅಪ್ಪ ಮಗಳು ಇಬ್ಬರೂ ಅದಕ್ಕೆ ಜೋತುಬಿದ್ದರು. ಬೋಲ್ಟು ಕಿರ್ರೆಂದು ತಿರುಗಿತು. "ಹೊಟ್ಟೆ ಒಳಗೆ ಎಳ್ಕೊಳ್ಳಿ! ಅಮ್ಮನ ಅಡುಗೆ ಎಲ್ಲ ಒಳಗೆ ಎಳ್ಕೊಳ್ಳಿ!" ಎಂದು ಗದರುತ್ತ ಅವನ ತೋಳು ಹಿಡಿದು ಎಳೆದಳು. ಅಂಗಿ ಅಲ್ಲೇ ಉಳಿಯಿತು, ಅವನು ಹೊರಗೆ ಬಂದ.

ಮಂಚ, ಟ್ರಂಕು, ಪಾತ್ರೆ ಎಲ್ಲ ಕಟ್ಟೆಗೆ ಇಳಿಯಿತು. ಅವಳ ಕಣ್ಣು ಸಾಮಾನಿನ ಮೇಲೆಲ್ಲ ಓಡಾಡಿತು.

"ಸ್ಪ್ಯಾನರ್ ಪೆಟ್ಟಿಗೆ ಎಲ್ಲಿ?"

"ಮಾವನ ಹತ್ರ ಇರಲಿ."

ಅವಳ ಮುಖ ಗಂಟಾಯಿತು. "ಅಂದ್ರೆ ವಾಪಸ್ ಹೋಗ್ತೀರಾ?"

"ಇಲ್ಲ. ಅವರಿಗೆ ಬೇಕಾಗುತ್ತೆ. ಇವತ್ತು ಪೈಪು ಹಾಕಿದ್ದು ಅವರೇ."

ಮಾವ ಕೇಳಿಸಿಕೊಳ್ಳದವರ ಹಾಗೆ ಹಗ್ಗ ಬಿಚ್ಚುತ್ತಿದ್ದರು. ಇಂದು ಉಳಿದು ಹೋಗಿ ಎಂದು ಅಳಿಯ ಅಂದರೆ, ನಿಮ್ಮತ್ತೆ ಒಬ್ಬಳೇ ಇರ್ತಾಳೆ ಎಂದರು. ಮಗಳ ತಲೆಯ ಮೇಲೆ ಕೈಯಿಟ್ಟು, ತಕ್ಷಣ ತೆಗೆದು, ಲಾಂಚು ಹತ್ತಿದರು. ಅವರು ದೂರ ಹೋದ ಮೇಲೆ ಅವಳು ಕೇಳಿದಳು: "ನಿಜ ಹೇಳಿ. ಅಪ್ಪ ಬೇಕಂತಲೇ ಏನಾದ್ರೂ ಮಾಡಿದ್ರಾ?"

"ಬೇಕಂತಲೇ ಮಾಡಿದ್ದು," ಎಂದ ಅವನು. "ನಮ್ಮನ್ನ ಕಳಿಸೋದಕ್ಕೆ." ಪೈಪಿನ ಕತೆಯೆಲ್ಲ ಹೇಳಿದ. ಎಂಜಿನ್ನಿನ ಸದ್ದು ಸಣ್ಣಗಾಗಿ ಇಲ್ಲವಾಗುವವರೆಗೆ ಇಬ್ಬರೂ ಟ್ರಂಕಿನ ಮೇಲೆ ಕೂತೇ ಇದ್ದರು. ಸದ್ದು ಎಲ್ಲೂ ತಡವರಿಸಲಿಲ್ಲ.

ಮಾರನೆಯ ದಿನ, ಎರಡು ಕೋಣೆಯ ಹೊಸ ಮನೆಯಲ್ಲಿ, ಬೆಳಕು ಹರಿಯುವ ಮೊದಲೇ ಅವನಿಗೆ ಎಚ್ಚರವಾಯಿತು. ಸುಮ್ಮನೆ ಮಲಗಿಕೊಂಡು ಕಾದ. ಬಾಗಿಲ ಹೊರಗೆ ಯಾರೂ ಕೆಮ್ಮಲಿಲ್ಲ. ಪಕ್ಕಕ್ಕೆ ತಿರುಗಿದರೆ ಅವಳೂ ಕಣ್ಣು ಬಿಟ್ಟುಕೊಂಡು ಬಾಗಿಲ ಕಡೆಗೇ ನೋಡುತ್ತ ಮಲಗಿದ್ದಳು. ಇಬ್ಬರೂ ಬಹಳ ಹೊತ್ತು ಏಳಲಿಲ್ಲ.